ರೆಡ್ ಸ್ಪೆಷಲ್ ಗಿಟಾರ್‌ನ ಪ್ರತಿಕೃತಿಗೆ ಅಜ್ಜಿ ಮನೆಯ ತೇಗದ ಬಾಗಿಲು ಆಗುತ್ತದೆಯೇ?

ಪ್ರಶ್ನೆ, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ಬ್ರಿಟನ್ನಿನ ಕ್ವೀನ್ ರಾಕ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಅವರ ರೆಡ್ ಸ್ಪೆಷಲ್ ಗಿಟಾರ್‌ನ ಪ್ರತಿಕೃತಿಯೊಂದನ್ನು ಮನೆಯಲ್ಲಿಯೇ ಮಾಡಲು ಹೊರಟಿದ್ದೇನೆ. ಲೆಸ್ ಪಾಲ್, ಸ್ಟ್ರಾಟೊಕ್ಯಾಸ್ಟರ್‌ನಂಥ ಹೆಸರಾಂತ ಕಂಪನಿ ಗಿಟಾರ್‌ಗಳನ್ನು ಬಿಟ್ಟು ಇದನ್ನೇ ಆರಿಸಿಕೊಂಡಿದ್ದು ಏಕೆಂದರೆ, ಇದು ಮನೆಯಲ್ಲಿಯೇ ಹುಟ್ಟಿದ ವಾದ್ಯ. ಅಂಗಡಿಯ ಒಳ್ಳೆಯ ಗಿಟಾರ್ ಕೊಳ್ಳುವಷ್ಟು ಹಣವಿಲ್ಲದ ಹದಿನಾರರ ಹುಡುಗ 1963ರಲ್ಲಿ ತಂದೆ ಹೆರಾಲ್ಡ್ ಅವರೊಡನೆ ಕುಳಿತು ಕೆಲಸ ಆರಂಭಿಸಿ, ಸುಮಾರು ಎರಡು ವರ್ಷ ಕೈ ಉಪಕರಣಗಳಲ್ಲೇ ಕೆತ್ತಿ ಮುಗಿಸಿದ ಗಿಟಾರ್ ಅದು. ಅದರ ನೆಕ್ಕಿಗೆ, ಅಂದರೆ ತಂತಿಗಳು ಹಾಯುವ ಉದ್ದನೆಯ ಕುತ್ತಿಗೆ ಭಾಗಕ್ಕೆ, ಹಳೆಯ ಅಗ್ಗಿಷ್ಟಿಕೆಯ ಮೇಲಿದ್ದ ಮಹಾಗನಿ ಮರ ಬಳಕೆಯಾಯಿತು. ಬಾಡಿಯ ನಡುಭಾಗಕ್ಕೆ ಹಳೆಯ ಮೇಜಿನ ಓಕ್, ಫ್ರೆಟ್ (ನೆಕ್ಕಿನ ಮೇಲೆ ಅಡ್ಡಕ್ಕೆ ಕೂರಿಸುವ ಲೋಹದ ಪಟ್ಟಿ) ಗುರುತುಗಳಿಗೆ ತಾಯಿಯ ಹೊಲಿಗೆ ಪೆಟ್ಟಿಗೆಯಲ್ಲಿದ್ದ ಮುತ್ತಿನ ಚಿಪ್ಪಿನ ಗುಂಡಿಗಳು ಸಾಕಾದವು. ನೆಕ್ಕಿನ ಮರದಲ್ಲಿ ಹುಳು ಕೊರೆದ ತೂತುಗಳನ್ನು ಬೆಂಕಿಕಡ್ಡಿ ತುರುಕಿ ಮುಚ್ಚಿದ್ದರಂತೆ.

ಹೊನ್ನಾಳಿ ಕಡೆಯಲ್ಲಿದ್ದ ನಮ್ಮ ಅಜ್ಜಿಯ ಮನೆಯನ್ನು ಕಳೆದ ವರ್ಷ ಕೆಡವಿದಾಗ ತಲೆಬಾಗಿಲಿನ ಚೌಕಟ್ಟು ಮತ್ತು ಎರಡು ಕದಗಳನ್ನು ನಾನು ತಂದಿಟ್ಟುಕೊಂಡೆ. ಎಲ್ಲವೂ ತೇಗ. ಹೊಸ್ತಿಲನ್ನು ಮಾತ್ರ ಕೊಯ್ಯಬಾರದೆಂದು ಅಮ್ಮ ಹೇಳಿದ್ದಾರೆ, ಅದನ್ನು ಹಾಗೆಯೇ ಇಟ್ಟಿದ್ದೇನೆ. ಚೌಕಟ್ಟಿನ ಒಂದು ನಿಲುವಿನಿಂದ ನೆಕ್ ಮಾಡಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ.

ಇಷ್ಟು ಎಚ್ಚರಿಕೆ ವಹಿಸಲು ಕಾರಣವಿದೆ. ಇದಕ್ಕೆ ಮುಂಚೆ, ಊರಿನ ಒಂದು ಮರದ ಅಂಗಡಿಯವರು ಚೆನ್ನಾಗಿ ಒಣಗಿದೆ ಎಂದು ಕೊಟ್ಟ ಹಲಗೆಯಿಂದ ಡಿಸೆಂಬರ್‌ನಲ್ಲಿ ಒಂದು ನೆಕ್ ಮಾಡಿದ್ದೆ. ಏಪ್ರಿಲ್ ಬಿಸಿಲು ಬರುವ ಹೊತ್ತಿಗೆ ಅದು ಉದ್ದಕ್ಕೆ ಬಾಗಿದ್ದಷ್ಟೇ ಅಲ್ಲದೆ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತು. ಅದರ ಮೇಲೆ ಕುಳ್ಳಿರಿಸಿದ್ದ ಫ್ರೆಟ್‌ಗಳೂ ಒಂದೊಂದಾಗಿ ಎದ್ದುವು. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡಿನಿಂದ ಸೀಳು ಕೊಯ್ದದ್ದು ತಪ್ಪಾಯಿತೇ? ಟ್ರೆಮೊಲೊಗೆ, ಅಂದರೆ ಹಿಡಿ ಒತ್ತಿ ಶ್ರುತಿಯನ್ನು ಏರಿಳಿಸುವ ಸಾಧನಕ್ಕೆ, ಮೂಲದಲ್ಲಿ 1928ರ ಪ್ಯಾಂಥರ್ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳನ್ನು ಬಳಸಿದ್ದಾರೆ. ನಮ್ಮ ತಂದೆಯವರ ಹಳೆಯ ಯೆಜ್ಡಿ ಮನೆಯ ಹಿಂದೆ ನಿಂತಿದೆ, ಅದರಿಂದ ಏನಾದರೂ ಸಿಕ್ಕೀತೇ? ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ಗಳನ್ನು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸುತ್ತಿಸಬಹುದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ, ಚಿತ್ರದುರ್ಗದಿಂದ

ನಮ್ಮದು ಮೂರು ತಲೆಮಾರಿನಿಂದ ಬಡಗಿ ಕೆಲಸದ ಮನೆ. ಗಿಟಾರ್‌ಗಳ ನೆಕ್ ರಿಪೇರಿಯನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ನಿಮ್ಮ ತೇಗ ಖಂಡಿತ ಆಗುತ್ತದೆ, ಅದಕ್ಕಿಂತ ಒಳ್ಳೆಯ ನೆಕ್ ಮರ ನಮ್ಮ ಕಡೆ ಸಿಗುವುದು ಕಷ್ಟ ಎಂದೇ ಹೇಳುತ್ತೇನೆ. ಅಷ್ಟು ವರ್ಷ ಮಳೆ, ಬಿಸಿಲು, ಚಳಿ ಕಂಡು ಬಾಗಬೇಕಾದಷ್ಟು ಬಾಗಿ, ಸೀಳಬೇಕಾದಲ್ಲಿ ಸೀಳಿ, ಈಗ ಸ್ಥಿರವಾಗಿರುವ ಮರ ಅದು. ಆದರೆ ನಿಲುವಿನ ತುದಿಯನ್ನು ಹತ್ತರಿಯಿಂದ ಒಂದು ಪದರ ತೆಗೆದು, ಎಳೆಗಳು ಯಾವ ದಿಕ್ಕಿಗಿವೆ ಎಂದು ನೋಡಿ. ನೆಕ್ಕಿನ ಮೇಲ್ಮೈಗೆ ವಾರ್ಷಿಕ ಉಂಗುರಗಳ ಗೆರೆಗಳು ನೆಟ್ಟಗೆ ನಿಂತಿರುವಂತೆ ಕೊಯ್ಯಬೇಕು. ಮಲಗಿದ ಗೆರೆಯ ಮರ ತಂತಿಯ ಎಳೆತಕ್ಕೆ ಬೇಗ ಬಾಗುತ್ತದೆ. ಎಳೆತವೆಂದರೆ ಕಡಿಮೆಯಲ್ಲ. 9ರಿಂದ 42ರ ಸೆಟ್ಟಿನ (ಇಂಚಿನ ಸಾವಿರದ ಭಾಗಗಳಲ್ಲಿ ತಂತಿಯ ದಪ್ಪ) ಆರು ತಂತಿಗಳು 25.5 ಇಂಚಿನ ಸ್ಕೇಲಿನಲ್ಲಿ (ತಂತಿಯ ಮಿಡಿಯುವ ಉದ್ದ) ಒಟ್ಟು ಸುಮಾರು 38 ಕೆಜಿ ಎಳೆಯುತ್ತವೆ. ರೆಡ್ ಸ್ಪೆಷಲ್‌ನ 24 ಇಂಚಿನಲ್ಲಿ ಅದು ನಾಲ್ಕೈದು ಕೆಜಿ ಕಡಿಮೆಯಾಗುತ್ತದೆ, ಮೇಲಾಗಿ ಆ ನೆಕ್ ಬಹಳ ದಪ್ಪ. ಆದರೂ ಟ್ರಸ್ ರಾಡ್ (ನೆಕ್ಕನ್ನು ಬಾಗದಂತೆ ಒಳಗಿನಿಂದ ಹಿಡಿಯುವ ಉಕ್ಕಿನ ಸರಳು) ಇಲ್ಲದೆ ಮಾಡಬೇಡಿ, ಮೂಲದಲ್ಲಿಯೂ ಅದು ಇದೆ.

ತೇಗದಲ್ಲಿ ಎಣ್ಣೆ ಇರುವುದರಿಂದ ಅಂಟು ಹಿಡಿಯದೆ ಕೈಕೊಡುತ್ತದೆ. ಅಂಟಿಸುವ ಮೇಲ್ಮೈಯನ್ನು ಹೊಸದಾಗಿ ಹತ್ತರಿ ಹಿಡಿದು, ಅಸಿಟೋನ್ ಹಚ್ಚಿದ ಬಿಳಿ ಬಟ್ಟೆಯಿಂದ ಬಟ್ಟೆಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ ಒರೆಸಿ, ಕೂಡಲೇ ಅಂಟಿಸಬೇಕು. ಮರುದಿನಕ್ಕೆ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಹಳೆಯ ಚೌಕಟ್ಟಿನೊಳಗೆ ತಲೆ ಮುರಿದ ಮೊಳೆಗಳು ಅಡಗಿರುತ್ತವೆ, ಗರಗಸ ಇಡುವ ಮೊದಲು ಬಲವಾದ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ಎಳೆದು ನೋಡಿ. ತೇಗದಲ್ಲಿರುವ ಸಿಲಿಕಾದಿಂದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ, ಸಾಣೆಕಲ್ಲು ಪಕ್ಕದಲ್ಲೇ ಇರಲಿ.

ಇನ್ನು ಫ್ರೆಟ್ಟಿನ ಮಾತು. ಹ್ಯಾಕ್ಸಾ ಬ್ಲೇಡಿನ ದಪ್ಪ 0.6 ಮಿಲಿಮೀಟರ್‌ನಷ್ಟೇ ಇದ್ದರೂ ಹಲ್ಲುಗಳು ಎಡಬಲಕ್ಕೆ ಬಾಗಿರುವುದರಿಂದ ಸೀಳು ಅದಕ್ಕಿಂತ ಸಾಕಷ್ಟು ಅಗಲವಾಗುತ್ತದೆ, ಫ್ರೆಟ್ ತಂತಿಯ ನಾಲಿಗೆ ಅದರಲ್ಲಿ ಹಿಡಿದು ನಿಲ್ಲುವುದಿಲ್ಲ. ಎಣ್ಣೆಕಲ್ಲಿನ ಮೇಲೆ ಬ್ಲೇಡಿನ ಎರಡೂ ಪಕ್ಕವನ್ನು ತಿಕ್ಕಿ ಹಲ್ಲುಗಳ ಬಾಗನ್ನು ಸವೆಸಿ, ಬೇಡದ ಮರದ ತುಂಡಿನಲ್ಲಿ ಪರೀಕ್ಷಿಸಿದ ಮೇಲಷ್ಟೇ ಬಳಸಿ. ಅಳತೆ ಹಾಕುವಾಗ ಒಂದು ಫ್ರೆಟ್ಟಿನಿಂದ ಮುಂದಿನದಕ್ಕೆ ಅಳೆಯುತ್ತಾ ಹೋದರೆ ಪ್ರತಿ ಸಲದ ಕೂದಲೆಳೆಯಷ್ಟು ತಪ್ಪು ಸೇರಿ ಸೇರಿ ಕೊನೆಗೆ ಶ್ರುತಿಯೇ ಕೆಡುತ್ತದೆ. ಎಲ್ಲವನ್ನೂ ಸೊನ್ನೆಯ ಫ್ರೆಟ್ಟಿನಿಂದಲೇ (ತಂತಿಯ ಮಿಡಿಯುವ ಉದ್ದ ಶುರುವಾಗುವ, ತಲೆಯ ಕಡೆಯ ಫ್ರೆಟ್) ಅಳೆಯಿರಿ: 609.6 ಮಿಲಿಮೀಟರ್ ಸ್ಕೇಲಿಗೆ ಮೊದಲ ಫ್ರೆಟ್ 34.2ರಲ್ಲಿ, ಐದನೆಯದು 152.9ರಲ್ಲಿ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ 304.8ರಲ್ಲಿ, ಇಪ್ಪತ್ತನಾಲ್ಕನೆಯದು 457.2ರಲ್ಲಿ ಬರುತ್ತದೆ. ಉಳಿದವುಗಳಿಗೆ, ಬಾಕಿ ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸಿ ಕ್ಯಾಲ್ಕುಲೇಟರಿನಲ್ಲಿ ಪಟ್ಟಿ ಮಾಡಿಕೊಳ್ಳಿ, ಮರದ ಮೇಲೆ ಗುರುತು ಹಾಕುವಾಗ ಮಾತ್ರ ಉಕ್ಕಿನ ಅಳತೆಪಟ್ಟಿಯನ್ನು ಅಲುಗಿಸಬೇಡಿ.

ಫಿಂಗರ್‌ಬೋರ್ಡಿಗೆ (ನೆಕ್ಕಿನ ಮೇಲೆ ಫ್ರೆಟ್ಟುಗಳು ಕೂರುವ ಹಲಗೆ) ಮೇ ಅವರು ಓಕ್ ಮರವನ್ನು ಕಪ್ಪು ಬಣ್ಣ ಹಚ್ಚಿ ಬಳಸಿದರು. ನಮ್ಮಲ್ಲಿ ಹಳೆಯ ಮಂಚದ ಬೀಟೆ ಸಿಕ್ಕರೆ ಬಣ್ಣವೇ ಬೇಡ. ಜಗತ್ತಿನ ಎಷ್ಟೋ ಗಿಟಾರ್‌ಗಳ ಫಿಂಗರ್‌ಬೋರ್ಡುಗಳು ನಮ್ಮ ಬೀಟೆಯವೇ.

ಉತ್ತರ, ಹರಿಹರದಿಂದ

ನಾನು ನಿವೃತ್ತ ಟರ್ನರ್. ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದ ಊರು ನಮ್ಮದು, ಆದ್ದರಿಂದ ಟ್ರೆಮೊಲೊ ಬಗ್ಗೆ ಮಾತ್ರ ಬರೆಯುತ್ತೇನೆ.

ಯೆಜ್ಡಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಅದು ಎರಡು ಸ್ಟ್ರೋಕಿನ ಎಂಜಿನ್, ಅದರಲ್ಲಿ ವಾಲ್ವ್ ಇಲ್ಲ, ವಾಲ್ವ್ ಸ್ಪ್ರಿಂಗೂ ಇಲ್ಲ. ಹಳೆಯ ಎರಕದ ಎಂಜಿನ್ನಿನ ಬುಲೆಟ್ ನಾಲ್ಕು ಸ್ಟ್ರೋಕಿನದು, ಅದರ ವಾಲ್ವ್ ಸ್ಪ್ರಿಂಗುಗಳು ಯಾವ ಗ್ಯಾರೇಜಿನಲ್ಲಿ ಕೇಳಿದರೂ ಸಿಗುತ್ತವೆ. ಎರಡು ಬೇಕಾಗುತ್ತವೆ, ಎರಡೂ ಒಂದೇ ಬಿಗಿಯವು ನೋಡಿ ತನ್ನಿ, ಮತ್ತು ಅವುಗಳ ಹಿಂದೆ ಬಿಗಿ ಹೊಂದಿಸುವ ಬೋಲ್ಟ್ ಇರಲಿ, ಏಕೆಂದರೆ ತಂತಿಗಳ ಎಳೆತಕ್ಕೆ ಸ್ಪ್ರಿಂಗಿನ ಒತ್ತಡ ಸಮನಾಗಿ ನಿಂತಾಗಲೇ ತಂತಿಗಳನ್ನು ಹಿಡಿದ ಟ್ರೆಮೊಲೊ ತಟ್ಟೆ ಮಟ್ಟವಾಗಿರುತ್ತದೆ.

ಆ ಯಂತ್ರದ ಜೀವವೆಲ್ಲ ಅಲಗಿನಲ್ಲಿದೆ. ಅಕ್ಕಸಾಲಿಗರ ತಕ್ಕಡಿಯನ್ನು ಹತ್ತಿರದಿಂದ ನೋಡಿದ್ದರೆ ನಿಮಗೆ ಕೂಡಲೇ ಅರ್ಥವಾಗುತ್ತದೆ: ದಂಡದ ನಡುವೆ ಉಕ್ಕಿನ ಅಲಗೊಂದು ಗಟ್ಟಿ ಮೇಲ್ಮೈಯ ಮೇಲೆ ಕೂತಿರುತ್ತದೆ, ಗುಲಗಂಜಿಯಷ್ಟು ತೂಕಕ್ಕೂ ದಂಡ ಓಲಾಡಿ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ರೆಡ್ ಸ್ಪೆಷಲ್‌ನ ಟ್ರೆಮೊಲೊ ಕೂಡ ಹೀಗೆ ಒಂದು ಅಲಗಿನ ಮೇಲೆ ಓಲಾಡುತ್ತದೆ, ಬ್ರಿಡ್ಜಿನಲ್ಲಿ (ಬಾಡಿಯ ಮೇಲೆ ತಂತಿಗಳನ್ನು ಹೊರುವ ಭಾಗ) ತಂತಿಗಳು ಸಣ್ಣ ಉರುಳೆಗಳ ಮೇಲೆ ಜಾರುತ್ತವೆ, ಇನ್ನೊಂದು ತುದಿಯಲ್ಲಿ ಸೊನ್ನೆಯ ಫ್ರೆಟ್ ಇದೆ. ಎಲ್ಲಿಯೂ ಉಜ್ಜಾಟವಿಲ್ಲದ ಕಾರಣ ಹಿಡಿ ಬಿಟ್ಟಾಗ ಶ್ರುತಿ ಮೊದಲಿನ ಜಾಗಕ್ಕೇ ಮರಳುತ್ತದೆ. ಮೈಲ್ಡ್ ಸ್ಟೀಲನ್ನು ಕಾಯಿಸಿ ನೀರಿಗದ್ದಿದ ಮಾತ್ರಕ್ಕೆ ಅದು ಗಟ್ಟಿಯಾಗುವುದಿಲ್ಲ, ಅಂಥ ಅಲಗು ಕೆಲವೇ ತಿಂಗಳಲ್ಲಿ ಮೊಂಡಾಗುತ್ತದೆ. ಸವೆದ ಅರವೊಂದನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ಇಡೀ ರಾತ್ರಿ ತಣಿಯಲು ಬಿಡಿ, ಮೆತ್ತಗಾದ ಮೇಲೆ ಅಲಗಿನ ಆಕಾರಕ್ಕೆ ತಂದು, ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಕೊನೆಗೆ ಮೇಲ್ಮೈಯನ್ನು ಹೊಳಪಿಸಿಕೊಂಡು ತೆಳುವಾದ ಹುಲ್ಲುಬಣ್ಣ ಬರುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ ನಿಲ್ಲಿಸಿ. ಅಲಗು ಕೂರುವ ತಟ್ಟೆಯೂ ಅಷ್ಟೇ ಗಟ್ಟಿಯಾಗಿರಬೇಕು.

ಉತ್ತರ, ದಾವಣಗೆರೆಯ ಗಿಟಾರ್ ಶಿಕ್ಷಕರಿಂದ

ಮರ ಮತ್ತು ಉಕ್ಕಿನ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ಸೇರಿಸುವುದೇನೂ ಇಲ್ಲ. ಪಿಕಪ್ ವಿಷಯದಲ್ಲಿ ಮಾತ್ರ ನಿಮ್ಮ ಯೋಜನೆಗೆ ನನ್ನ ಒಪ್ಪಿಗೆಯಿಲ್ಲ. ಫ್ಯಾನು, ಪಂಪ್‌ಸೆಟ್ ಸುತ್ತುವ ಅಂಗಡಿಯಲ್ಲಿರುವ ತಾಮ್ರದ ತಂತಿ ಈ ಕೆಲಸಕ್ಕೆ ಬಹಳ ದಪ್ಪ. ಪಿಕಪ್ಪಿಗೆ ಸಾಮಾನ್ಯವಾಗಿ ಬೇಕಾಗುವುದು 0.06 ಮಿಲಿಮೀಟರ್ ಆಸುಪಾಸಿನ, ತಲೆಗೂದಲಿನಷ್ಟು ತೆಳುವಾದ ತಂತಿ, ಅದನ್ನು ಕಡಿಯದಂತೆ ಸಾವಿರಾರು ಸುತ್ತು ಸುತ್ತಬೇಕು. ಮೇ ಅವರೂ ಮೊದಲು ಸ್ವತಃ ಪಿಕಪ್ ಮಾಡಿದ್ದರು, ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು ಬೆಂಡ್ ಮಾಡಿದಾಗ ಬೇಡದ ಸದ್ದು ಬರುತ್ತಿದ್ದುದರಿಂದ ಅವನ್ನು ಬಿಟ್ಟು ಬರ್ನ್ಸ್ ಕಂಪನಿಯ ಟ್ರೈ-ಸಾನಿಕ್ ಪಿಕಪ್‌ಗಳನ್ನು ಕೊಂಡು, ಸುರುಳಿಗಳು ಅದುರದಂತೆ ಅರಾಲ್ಡೈಟ್ ಅಂಟು ತುಂಬಿ ಕೂರಿಸಿದರು. ನೀವೂ ಮೂರು ಪಿಕಪ್‌ಗಳನ್ನು ಕೊಂಡುಬಿಡಿ, ಆ ಸಮಯವನ್ನು ವೈರಿಂಗಿಗೆ ಕೊಡಿ.

ಏಕೆಂದರೆ ಈ ಗಿಟಾರ್‌ನ ದನಿ ಅಡಗಿರುವುದು ವೈರಿಂಗಿನಲ್ಲಿ. ಬೇರೆ ಗಿಟಾರ್‌ಗಳಲ್ಲಿ ಪಿಕಪ್‌ಗಳನ್ನು ಸಾಮಾನ್ಯವಾಗಿ ಸಮಾಂತರವಾಗಿ ಜೋಡಿಸುತ್ತಾರೆ, ಇಲ್ಲಿ ಮೂರೂ ಸರಣಿಯಲ್ಲಿವೆ, ಒಂದೊಂದಕ್ಕೂ ಆನ್-ಆಫ್ ಸ್ವಿಚ್ಚು ಬೇರೆ, ಫೇಸ್ (ವಿದ್ಯುತ್ ಸಂಕೇತದ ದಿಕ್ಕು) ತಿರುಗಿಸುವ ಸ್ವಿಚ್ಚು ಬೇರೆ. ಎರಡು ಪಿಕಪ್ ಒಂದೇ ಫೇಸಿನಲ್ಲಿದ್ದರೆ ದನಿ ತುಂಬಿ ಬರುತ್ತದೆ. ಒಂದನ್ನು ತಿರುಗಿಸಿದರೆ ಮಂದ್ರದ ಭಾಗ ಪರಸ್ಪರ ಅಳಿದುಹೋಗಿ, ಮೂಗಿನಿಂದ ಹಾಡಿದಂಥ ತೀಕ್ಷ್ಣ ದನಿ ಉಳಿಯುತ್ತದೆ. ಆರು ಸಣ್ಣ ಜಾರು ಸ್ವಿಚ್ಚುಗಳು ಯಾವ ರೇಡಿಯೊ ರಿಪೇರಿ ಅಂಗಡಿಯಲ್ಲೂ ಸಿಗುವಂಥವೇ. ಇನ್ನೊಂದು ಮಾತು: ಬಾಡಿಯನ್ನು ಪೂರ್ತಿ ತೇಗದಿಂದ ಮಾಡಿದರೆ ಹೆಗಲಿಗೆ ಬಹಳ ಭಾರವಾಗುತ್ತದೆ. ಮೂಲದ ಬಾಡಿ ಒಳಗೆ ಟೊಳ್ಳು ಬಿಟ್ಟ ಬ್ಲಾಕ್‌ಬೋರ್ಡ್ (ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ಹಲಗೆ), ಹೊರಗೆ ಮಹಾಗನಿ ವೆನೀರ್ (ತೆಳುವಾದ ಮರದ ಹಾಳೆ). ಅದನ್ನೇ ಅನುಸರಿಸಿ, ಬೇಕಿದ್ದರೆ ನಡುವಿನ ಗಟ್ಟಿಗೆ ಮಾತ್ರ ನಿಮ್ಮ ಕದದ ತೇಗ ಕೂರಿಸಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ನಿಲುವಿನ ತುದಿಯನ್ನು ಹತ್ತರಿ ಹಿಡಿದು ನೋಡಿದೆ. ಬೂದುಬಣ್ಣದ ಪದರದ ಕೆಳಗೆ ಜೇನಿನ ಬಣ್ಣದ ಮರ ಬಂತು, ತೇಗದ ವಾಸನೆ ಈಗಲೂ ಹಾಗೆಯೇ ಇದೆ. ಗೆರೆಗಳು ಅಗಲದ ಕಡೆಗೆ ಮಲಗಿವೆ, ಆದರೆ ನಿಲುವು ನಾಲ್ಕು ಇಂಚು ದಪ್ಪವಿರುವುದರಿಂದ ಕಾಲು ಸುತ್ತು ತಿರುಗಿಸಿ ಕೊಯ್ದರೆ ನೆಟ್ಟಗೆ ನಿಲ್ಲುತ್ತವೆ. ಆಯಸ್ಕಾಂತ ಮೂರು ಕಡೆ ಹಿಡಿಯಿತು. ಎರಡು ಮೊಳೆ ತೆಗೆದಾಯಿತು, ಮೂರನೆಯದು ತೋರಣ ಕಟ್ಟುತ್ತಿದ್ದ ಕಡೆ ಆಳಕ್ಕೆ ಇಳಿದಿದೆ, ಅಲ್ಲಿಂದ ಒಂದು ಗೇಣು ಬಿಟ್ಟು ಕೊಯ್ಯುತ್ತೇನೆ. ಹರಿಹರದ ಹಿರಿಯರೇ, ಸವೆದ ಅರ ಸಿಕ್ಕಿದೆ. ಬೂದಿಯಲ್ಲಿ ಹೂಳುವ ದಿನ ನಿಮ್ಮನ್ನು ಇನ್ನೊಮ್ಮೆ ಕೇಳುತ್ತೇನೆ.