ಮರಳುಕಲ್ಲಿನೊಳಗೆ ನೀರು–ಎಣ್ಣೆ ಗಡಿ: ಬೆನ್ನಟ್ಟಬೇಕಾ, ಗ್ರಿಡ್‌ಗೇ ಬಿಡಬೇಕಾ? ಅನುಭವ ಇರುವವರು ಹೇಳಿ

ಕೇಳಿದವರು: ಎಣ್ಣೆ ಇರುವ ಮರಳುಕಲ್ಲಿಗೆ ನೀರು ಪಂಪ್ ಮಾಡಿ ಎಣ್ಣೆಯನ್ನು ತಳ್ಳುವ ಸಿಮ್ಯುಲೇಶನ್. ಎರಡು ಆಯಾಮ, 200×200 ಕೋಶ. ಎಣ್ಣೆಯ ಸ್ನಿಗ್ಧತೆ ನೀರಿನ 5 ಪಟ್ಟು. ರಿಲೇಟಿವ್ ಪರ್ಮಿಯಬಿಲಿಟಿ (ಇನ್ನೊಂದು ದ್ರವ ಜೊತೆಗಿರುವಾಗ ಒಂದು ದ್ರವ ಎಷ್ಟು ಸುಲಭವಾಗಿ ಹರಿಯುತ್ತೆ ಅನ್ನೋದು) ಎರಡಕ್ಕೂ ವರ್ಗ ನಿಯಮ, ಉಳಿಕೆ ಸ್ಯಾಚುರೇಶನ್ (ಸ್ಯಾಚುರೇಶನ್ ಅಂದರೆ ರಂಧ್ರಗಳಲ್ಲಿ ಆ ದ್ರವದ ಪಾಲು) 0, ಕ್ಯಾಪಿಲರಿ ಒತ್ತಡ ಇಲ್ಲ. ಇಂಪೆಸ್‌ನಲ್ಲಿ (ಒತ್ತಡವನ್ನು ಇಂಪ್ಲಿಸಿಟ್ ಆಗಿ, ಸ್ಯಾಚುರೇಶನ್ ಅನ್ನು ಎಕ್ಸ್‌ಪ್ಲಿಸಿಟ್ ಆಗಿ ಬಿಡಿಸುವ ವಿಧಾನ) ಓಡಿಸಿದರೆ ಸ್ಯಾಚುರೇಶನ್ 1 ದಾಟುತ್ತಿದೆ, ಫ್ರಂಟ್ ಮಸುಕಾಗುತ್ತಿದೆ. ಲೆವೆಲ್ ಸೆಟ್‌ಗೆ (ಗಡಿಯನ್ನು ಒಂದು ಫಲನದ ಸೊನ್ನೆ ರೇಖೆಯಾಗಿ ಹಿಡಿಯುವ ವಿಧಾನ) ಹೋಗಲಾ?

ಗಡಿರೇಖೆ: ಹೋಗಬೇಡಿ. ಲೆವೆಲ್ ಸೆಟ್‌ನಲ್ಲಿ ನೀರು ಕಾಣೆಯಾಗುತ್ತೆ. ಪ್ರತಿ ರೀಇನಿಶಿಯಲೈಸೇಶನ್‌ಗೂ (ಆ ಫಲನವನ್ನು ಮತ್ತೆ ಗಡಿಯಿಂದಿರುವ ದೂರವಾಗಿ ಸರಿಪಡಿಸೋದು) ಸೊನ್ನೆ ರೇಖೆ ಕೂದಲೆಳೆಯಷ್ಟು ಸರಿಯುತ್ತೆ. ಒಂದೆರಡು ಕೋಶದಷ್ಟಿರುವ ಎಣ್ಣೆಯ ಗುಳ್ಳೆ ಅಳಿಸಿಯೇ ಹೋಗುತ್ತೆ. ಪಂಪ್ ಮಾಡಿದ ನೀರೆಷ್ಟು, ರೇಖೆಯ ಒಳಗಿರುವ ನೀರೆಷ್ಟು ಅಂತ ಪ್ರತಿ ಹೆಜ್ಜೆಗೂ ತಾಳೆ ನೋಡದಿದ್ದರೆ ಗೊತ್ತೇ ಆಗಲ್ಲ. ನಾನು ಕೊನೆಗೆ ಮಾರ್ಕರ್ ಬಿಂದುಗಳಿಗೆ (ಗಡಿಯ ಮೇಲೇ ಕೂತು ಅದರ ಜೊತೆ ಸರಿಯುವವು) ಬಂದೆ. ಅಂತರ ಅರ್ಧ ಕೋಶ. ಒಂದು ಕೋಶ ದಾಟಿದರೆ ನಡುವೆ ಹೊಸದು, ಕಾಲು ಕೋಶಕ್ಕಿಂತ ಕಡಿಮೆಯಾದರೆ ಒಂದನ್ನು ತೆಗೆಯೋದು. ಎರಡು ಬೆರಳು (ಎಣ್ಣೆಯೊಳಗೆ ಚಾಚುವ ನೀರಿನ ನಾಲಿಗೆಗಳು) ಕೂಡಿದಾಗ ರೇಖೆ ಕತ್ತರಿಸಿ ಹೊಲಿಯುವ ಕೋಡ್ ಸಾಲ್ವರ್‌ಗಿಂತ ಉದ್ದ. ಆದರೂ ಗಡಿ ಗಡಿಯಾಗಿಯೇ ಉಳಿಯುತ್ತೆ.

ಕೋರ್‌ಡೇಟಾ: ಕೇಳಿದ್ದಕ್ಕೆ ಇದು ಉತ್ತರವೇ ಅಲ್ಲ. ಸ್ಯಾಚುರೇಶನ್ 1 ದಾಟುತ್ತಿದ್ದರೆ ಮೊದಲ ಗುಮಾನಿ ಟೈಮ್ ಸ್ಟೆಪ್ ಮೇಲೆ. ಡಾರ್ಸಿ ವೇಗವನ್ನು (ಕಲ್ಲಿನ ಅಡ್ಡಕೊಯ್ತದ ಪ್ರತಿ ಚದರಕ್ಕೆ ಹರಿಯುವ ಪ್ರಮಾಣ) ರಂಧ್ರತೆಯಿಂದ ಭಾಗಿಸಿ ಸ್ಟೆಪ್ ಇಡುವವರು ಫ್ರ್ಯಾಕ್ಷನಲ್ ಫ್ಲೋ ರೇಖೆಯ (ಒಟ್ಟು ಹರಿವಿನಲ್ಲಿ ನೀರಿನ ಪಾಲು) ಇಳಿಜಾರನ್ನು ಮರೆತಿರುತ್ತಾರೆ. ಈ ಅಂಕಿಗಳಿಗೆ ಅದು ಸ್ಯಾಚುರೇಶನ್ 0.26ರ ಹತ್ತಿರ 2.45ಕ್ಕೆ ಏರುತ್ತೆ, ಅಂದರೆ ಸ್ಟೆಪ್ ಅವರು ಇಟ್ಟಿದ್ದರ ಸುಮಾರು 0.4 ಪಟ್ಟಿಗೆ ಇಳಿಯಬೇಕು. ಶಾಕ್‌ನ (ಸ್ಯಾಚುರೇಶನ್ ಒಮ್ಮೆಲೇ ಜಿಗಿಯುವ ಫ್ರಂಟ್) ವೇಗ 1.72 ತಾನೇ ಅಂತ ಅದನ್ನು ಹಾಕಿದರೂ ಕೆಡುತ್ತೆ, ಯಾಕಂದರೆ ಮಸುಕಾದ ಕೋಶಗಳು 0.26ನ್ನು ಹಾದೇ ಹೋಗಬೇಕು. ಇಂಜೆಕ್ಷನ್ ಬಾವಿಯ ಪಕ್ಕದ ಕೋಶದಲ್ಲಿ ವೇಗ ಅತಿ ಹೆಚ್ಚು, ಮಿತಿ ನಿರ್ಧರಿಸೋದು ಅದೇ.

ಬಕ್ಲಿ–ಲೆವೆರೆಟ್ 1942ರಲ್ಲೇ ಕೊಟ್ಟ ಒಂದು ಆಯಾಮದ ಪರಿಹಾರಕ್ಕೆ ಮೊದಲು ತಾಳೆ ಹಾಕಿ. ಮೂಲಬಿಂದುವಿನಿಂದ ಫ್ರ್ಯಾಕ್ಷನಲ್ ಫ್ಲೋ ರೇಖೆಗೆ ಸ್ಪರ್ಶರೇಖೆ ಎಳೆದರೆ ಶಾಕ್ ಸ್ಯಾಚುರೇಶನ್ 0.408, ನೀರು ಆಚೆ ತುದಿ ತಲುಪೋದು 0.58 ರಂಧ್ರಗಾತ್ರ ತುಂಬಿದಾಗ. ಅದು ಬರದ ಕೋಡನ್ನು ಎರಡು ಆಯಾಮಕ್ಕೆ ಒಯ್ಯಬೇಡಿ. ಮಸುಕಿನ ಬಗ್ಗೆ ಇಷ್ಟು ಹೆದರಿಕೆ ಬೇಡ: ಈ ಶಾಕ್ ತನ್ನನ್ನು ತಾನೇ ಚೂಪು ಮಾಡಿಕೊಳ್ಳುತ್ತೆ, ಕೆಲವೇ ಕೋಶಗಳಲ್ಲಿ ನಿಲ್ಲುತ್ತೆ. ಟ್ರೇಸರ್ (ನೀರಿನ ಜೊತೆ ಸುಮ್ಮನೆ ಸಾಗುವ ಬಣ್ಣದಂಥದ್ದು) ಆಗಿದ್ದರೆ ಕಾಲದ ವರ್ಗಮೂಲದಂತೆ ಅಗಲವಾಗುತ್ತಲೇ ಹೋಗ್ತಿತ್ತು.

ಗಡಿರೇಖೆ: ಎರಡು ಆಯಾಮದಲ್ಲಿ ಬೆರಳುಗಳಿವೆ ಸ್ವಾಮಿ, ಒಂದು ಆಯಾಮದ ಲೆಕ್ಕ ತಂದು ಬಾಯಿ ಮುಚ್ಚಿಸಬೇಡಿ. ಮಸುಕು ಗ್ರಿಡ್ ಅವನ್ನು ನುಂಗಿಹಾಕುತ್ತೆ.

ಹೆಲೆಶಾ: ಚೂಪು ಗಡಿ ಇನ್ನೂ ಅಪಾಯ. ಮಸ್ಕಟ್ 1934ರಲ್ಲಿ ಇಟ್ಟ ಸಮಸ್ಯೆಯೇ ಇದು. ತೆಳು ದ್ರವ ಮಂದ ದ್ರವವನ್ನು ತಳ್ಳುವಾಗ ಸರ್ಫೇಸ್ ಟೆನ್ಶನ್ ಇಲ್ಲದಿದ್ದರೆ ಅಲೆಯ ಬೆಳವಣಿಗೆ ಅಲೆಸಂಖ್ಯೆಗೆ ನೇರ ಅನುಪಾತ. ಮಾರ್ಕರ್ ಅಂತರ ಅರ್ಧ ಮಾಡಿದರೆ ಬೆರಳಿನ ಅಗಲವೂ ಅರ್ಧ, ಬೆಳೆಯುವ ವೇಗ ಇಮ್ಮಡಿ. ಕನ್ವರ್ಜೆನ್ಸ್ ಸಿಗೋದೇ ಇಲ್ಲ. ನೀವು ತೋರಿಸುವ ಬೆರಳು ಕಲ್ಲಿನದ್ದಾ, ನಿಮ್ಮ ಮಾರ್ಕರ್ ಅಂತರದ್ದಾ?

ಗಡಿರೇಖೆ: ಗಡಿಗೆ ಟೆನ್ಶನ್ ಪದ ಸೇರಿಸಿಯೇ ಓಡಿಸೋದು. ಅಷ್ಟೂ ಗೊತ್ತಿಲ್ಲದೆ ಬರೆದಿಲ್ಲ.

ಕೋರ್‌ಡೇಟಾ: ಸೇರಿಸಿದರೂ ಮೂಲ ಊಹೆಯೇ ತಪ್ಪು. ಚೂಪು ಗಡಿ ಅಂದರೆ ಹಿಂದೆ ಪೂರ್ತಿ ನೀರು, ಮುಂದೆ ಪೂರ್ತಿ ಎಣ್ಣೆ. ಮೊಬಿಲಿಟಿ (ರಿಲೇಟಿವ್ ಪರ್ಮಿಯಬಿಲಿಟಿಯನ್ನು ಸ್ನಿಗ್ಧತೆಯಿಂದ ಭಾಗಿಸಿದ್ದು) ಅನುಪಾತ 5, ಬೆಳವಣಿಗೆಯ ಗುಣಾಂಕ 4/6. ಇವರ ಕಲ್ಲಿನಲ್ಲಿ ಶಾಕ್‌ನ ಹಿಂದೆ ನೀರು 0.408 ಮಾತ್ರ. ಅಲ್ಲಿ ಒಟ್ಟು ಮೊಬಿಲಿಟಿ 0.237, ಮುಂದೆ 0.2. ಅನುಪಾತ 1.18, ಗುಣಾಂಕ 0.084. ಎಂಟು ಪಟ್ಟು ಉತ್ಪ್ರೇಕ್ಷೆ!

ಹೆಲೆಶಾ: ಅನುಪಾತ ಒಪ್ಪಿದೆ. ಆದರೆ 1ಕ್ಕಿಂತ ಹೆಚ್ಚೇ ಇದೆ. ಬಾವಿಗಳ ಸಾಲಿಗೆ ಗ್ರಿಡ್ 45 ಡಿಗ್ರಿ ತಿರುಗಿಸಿ ಒಮ್ಮೆ ಓಡಿಸಲಿ. ನೀರು ತಲುಪುವ ಹೊತ್ತು ಬದಲಾದರೆ ಐದು ಬಿಂದುವಿನ ಸ್ಕೀಮ್ (ಕೋಶ ಮತ್ತು ಅದರ ನಾಲ್ಕು ನೆರೆ) ಬಿಟ್ಟು ಮೂಲೆಯ ನೆರೆಗಳನ್ನೂ ಸೇರಿಸುವ ಒಂಬತ್ತಕ್ಕೆ ಹೋಗಬೇಕು.

ಕೇಳಿದವರು: ಸ್ಟೆಪ್ ಇಳಿಸಿದೆ, 1 ದಾಟೋದು ನಿಂತಿತು. ಆದರೆ ಫ್ರಂಟ್ ಹಿಂದೆ ಅಲೆಅಲೆಯಾಗಿದೆ. ಕೋಶಗಳ ನಡುವೆ ಎಲ್ಲಕ್ಕೂ ಸರಾಸರಿ ಹಾಕಿದ್ದೇನೆ.

ಕೋರ್‌ಡೇಟಾ: ಅಲ್ಲೇ ಇದೆ. ರಿಲೇಟಿವ್ ಪರ್ಮಿಯಬಿಲಿಟಿಗೆ ಸರಾಸರಿ ಬೇಡ, ಹರಿವು ಬರುವ ಕಡೆಯ ಕೋಶದ್ದೇ ಹಾಕಿ. ಕಲ್ಲಿನ ಪರ್ಮಿಯಬಿಲಿಟಿಗೆ ಹಾರ್ಮೋನಿಕ್: 100 ಮತ್ತು 1 ಮಿಲಿಡಾರ್ಸಿ ಪಕ್ಕಪಕ್ಕ ಇದ್ದರೆ 1.98 ಬರಬೇಕು, ನಿಮ್ಮದು 50.5 ಕೊಡುತ್ತಿದೆ. ಎರಡನ್ನೂ ತಿದ್ದಿ, ಒಂದು ಸಾಲು ಕೋಶದಲ್ಲಿ 0.58 ಬರುತ್ತಾ ನೋಡಿ ಹೇಳಿ.