ಪದಚರ್ಚೆ: ‘ಬಗ್’ ಪದಕ್ಕೆ ಕನ್ನಡದಲ್ಲಿ ಏನು? (ತುರ್ತು)

ಮುಕ್ತ ತಂತ್ರಾಂಶ ಯೋಜನೆಯೊಂದಕ್ಕೆ ಬಗ್ (ತಂತ್ರಾಂಶದಲ್ಲಿನ ತಪ್ಪು) ವರದಿಗಳನ್ನು ದಾಖಲಿಸುವ ತಂತ್ರಾಂಶವಾಗಿ ಬಗ್‌ಜಿಲ್ಲಾ ಆಯ್ಕೆಯಾಗಿದೆ. ಪರದೆಯ ಪಠ್ಯ ನಾಳೆ ಬೆಳಿಗ್ಗೆಯೊಳಗೆ ಕನ್ನಡದಲ್ಲಿ ಬೇಕು. ‘ಬಗ್’ ಅನ್ನುವ ಪದ ಅಲ್ಲಿ ಒಂದು ಚರದಲ್ಲಿ (ವೇರಿಯಬಲ್) ಕೂತಿರುತ್ತದೆ, ಅಲ್ಲಿ ಬದಲಿಸಿದರೆ ಎಲ್ಲ ಪುಟಗಳಲ್ಲೂ ಬದಲಾಗುತ್ತದೆ. ದೋಷ, ಕುಂದು, ಹುಳುಕು, ಬಗ್: ಯಾವುದು? ವರದಿಯನ್ನು ಮುಚ್ಚುವ ಕಾರಣಗಳಿಗೂ ಪದ ಹೇಳಿ: ಡೂಪ್ಲಿಕೇಟ್, ಇನ್‌ವ್ಯಾಲಿಡ್, ವೋಂಟ್‌ಫಿಕ್ಸ್, ವರ್ಕ್ಸ್‌ಫಾರ್‌ಮಿ.

> ದೋಷ, ಕುಂದು, ಹುಳುಕು

ಹುಳುಕು. ಪುೞು, ಹುಳು, ಹುಳುಕು. ‘ಬಗ್’ ಎಂಬ ಇಂಗ್ಲಿಷಿನ ಹುಳವೂ ನಮ್ಮ ಹುಳವೂ ಒಂದೇ ಕಡೆ ಕೊರೆಯುತ್ತವೆ, ಇದಕ್ಕಿಂತ ಒಳ್ಳೆಯ ಪದ ಸಿಗದು. 1947ರಲ್ಲಿ ಗಣಕಯಂತ್ರದೊಳಗೆ ಪತಂಗ ಸಿಕ್ಕಿದ್ದರಿಂದ ಈ ಪದ ಹುಟ್ಟಿತೆಂಬ ಕಥೆಯನ್ನು ಯಾರೂ ತರಬೇಡಿ, ಎಡಿಸನ್ 1878ರಲ್ಲೇ ಈ ಅರ್ಥದಲ್ಲಿ ಬರೆದಿದ್ದಾನೆ. ‘ದೋಷ’ ಜಾತಕದಲ್ಲಿರಲಿ.

> ಹುಳುಕು

ಬೇರು ಅಗೆಯುವ ಮೊದಲು ಚರದಲ್ಲಿ ಹಾಕಿ ನೋಡಬೇಕಿತ್ತು. ವಿಭಕ್ತಿ ಪ್ರತ್ಯಯ ಟೆಂಪ್ಲೇಟಿನಲ್ಲಿ (ಪುಟದ ಸಿದ್ಧ ಅಚ್ಚು) ಪ್ರತ್ಯೇಕ ಇರುತ್ತದೆ, ಯಂತ್ರಕ್ಕೆ ಲೋಪಸಂಧಿ ಗೊತ್ತಿಲ್ಲ. ‘ವನ್ನು’ ಅಂಟಿಸಿದರೆ ‘ಹುಳುಕುವನ್ನು’ ಆಗುತ್ತದೆ. ‘ಕುಂದು’ವಿನದೂ ಅದೇ ಪಾಡು. ‘ಬಗ್’ ಇನ್ನೂ ಕೆಟ್ಟದ್ದು: ‘ಬಗ್ವನ್ನು’ ಎಂದು ಒತ್ತಕ್ಷರ ಮೂಡುತ್ತದೆ. ‘ದೋಷ’ಕ್ಕೆ ವನ್ನು, ದ, ಕ್ಕೆ, ಗಳು ಯಾವುದನ್ನು ಹಚ್ಚಿದರೂ ಮೂಲ ಕದಲುವುದಿಲ್ಲ. ‘ಹುಳುಕು’ ಬೇಕೇ ಬೇಕೆಂದರೆ ಚರ ಬಿಟ್ಟು ಪ್ರತಿ ವಾಕ್ಯವನ್ನೂ ಇಡಿಯಾಗಿ ಬರೆಯಿರಿ. ನಾಳೆ ಬೆಳಿಗ್ಗೆಗೆ ಆಗದು.

ಡೂಪ್ಲಿಕೇಟಿಗೆ ‘ನಕಲಿ’ ಬೇಡ, ವರದಿ ಮಾಡಿದವರನ್ನು ಕಳ್ಳರೆಂದಂತಾಗುತ್ತದೆ. ‘ಈಗಾಗಲೇ ದಾಖಲಾಗಿದೆ’ ಸಾಕು. ಇನ್‌ವ್ಯಾಲಿಡ್: ‘ದೋಷವಲ್ಲ’. ವೋಂಟ್‌ಫಿಕ್ಸ್: ‘ಸರಿಪಡಿಸುವುದಿಲ್ಲ’. ‘ಸರಿಪಡಿಸಲಾಗದು’ ಎಂದರೆ ಅಶಕ್ತತೆ, ಇದು ನಿರ್ಧಾರ. ಕೊನೆಯದು: ‘ಇಲ್ಲಿ ಮರುಕಳಿಸಲಿಲ್ಲ’. ಇವನ್ನು ತೋರಿಕೆಯ ಹೆಸರಾಗಿ ಟೆಂಪ್ಲೇಟಿನಲ್ಲಷ್ಟೇ ಬದಲಿಸಿ. ದತ್ತಸಂಚಯದ (ಡೇಟಾಬೇಸ್) ಮೌಲ್ಯಕ್ಕೇ ಕೈಹಾಕಿದರೆ ಹಳೆಯ ಹೆಸರು ಹಿಡಿದು ಉಳಿಸಿಟ್ಟ ಹುಡುಕಾಟಗಳು ಕೆಡುತ್ತವೆ.

> ‘ದೋಷ’ಕ್ಕೆ ಯಾವುದನ್ನು ಹಚ್ಚಿದರೂ

ಸಂಸ್ಕೃತದ ಸಾಲವಾದರೆ ಬಡ್ಡಿಯಿಲ್ಲ, ಇಂಗ್ಲಿಷಿನದಾದರೆ ಮಾತ್ರ ಮೈಲಿಗೆ! ಬಗ್‌ಜಿಲ್ಲಾದಲ್ಲಿ ‘ಎನ್‌ಹಾನ್ಸ್‌ಮೆಂಟ್’ ಕೂಡ ತೀವ್ರತೆಯ ಪಟ್ಟಿಯಲ್ಲೇ ಇದೆ. ಹೊಸ ಸೌಲಭ್ಯ ಕೇಳಿದವರೂ ‘ದೋಷ ದಾಖಲಿಸಿ’ ಗುಂಡಿಯನ್ನೇ ಒತ್ತಬೇಕೇ? ಇಂಥದೇ ಬೇರೆ ತಂತ್ರಾಂಶಗಳಲ್ಲಿ ಟ್ರ್ಯಾಕ್‌ನವರು ಟಿಕೆಟ್, ರೆಡ್‌ಮೈನ್‌ನವರು ಇಶ್ಯೂ ಎಂದದ್ದು ಸುಮ್ಮನೆ ಅಲ್ಲ. ‘ಟಿಕೆಟ್’ ಎಲ್ಲರಿಗೂ ಗೊತ್ತು, ಹಾಗೇ ಇಡಿ.

> ಹಾಗೇ ಇಡಿ

‘ಟಿಕೆಟ್‌ವನ್ನು’. ಮೇಲೆ ಬರೆದದ್ದನ್ನು ಓದಿ. ಗುಂಡಿಗೆ ಬರೀ ‘ವರದಿ ಸಲ್ಲಿಸಿ’ ಎಂದರೆ ಎರಡಕ್ಕೂ ಆಯಿತು. ಸಾಲದ ಜಗಳಕ್ಕೆ ಬೇರೆ ಎಳೆ ತೆರೆಯಿರಿ.

ಕೇಳಿದವರಿಗೆ ಇನ್ನೊಂದು: ಸಿವಿಯಾರಿಟಿ, ಪ್ರಯಾರಿಟಿ ಎರಡಕ್ಕೂ ‘ಮಹತ್ವ’ ಹಾಕಬೇಡಿ. ಎಷ್ಟು ಹಾನಿ ಎಂಬುದು ತೀವ್ರತೆ, ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು ಎಂಬುದು ಆದ್ಯತೆ. ಮುಖಪುಟದಲ್ಲಿ ಯೋಜನೆಯ ಹೆಸರು ತಪ್ಪಾಗಿದ್ದರೆ ತೀವ್ರತೆ ಕಡಿಮೆ, ಆದ್ಯತೆ ಹೆಚ್ಚು.