ತಾತನ ಕಾಲದ ಪಾಯಿಂಟ್ 315 ಬಿಎಸ್ಎ ರೈಫಲ್: ಮಾರಿದರೆ ಎಷ್ಟು ಸಿಗಬಹುದು?

ಮಳವಳ್ಳಿ_ರೈತ:
ಎಲ್ಲರಿಗೂ ನಮಸ್ಕಾರ. ನಮ್ಮದು ಮಳವಳ್ಳಿ ತಾಲ್ಲೂಕು. ತಾತ ಮುತ್ತತ್ತಿ ಕಡೆ ಬೇಟೆಗೆ ಹೋಗುತ್ತಿದ್ದ ಕಾಲದ ರೈಫಲ್ ಒಂದು ಮನೆಯಲ್ಲಿದೆ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅದು ಕಾಡಿನ ಮುಖ ನೋಡಿಲ್ಲ. ಆಮೇಲೆ ಅಪ್ಪನ ಹೆಸರಿಗೆ ಲೈಸೆನ್ಸ್ ಆಯಿತು, ಎಲೆಕ್ಷನ್ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ವಾಪಸ್ ತರುತ್ತಿದ್ದರು. ಹೋದ ತಿಂಗಳು ಅಪ್ಪ ತೀರಿಕೊಂಡರು. ನನಗೆ ಇಟ್ಟುಕೊಳ್ಳುವ ಆಸೆ ಇಲ್ಲ. ನಳಿಗೆ ಹತ್ತಿರ ಇಂಗ್ಲೆಂಡಿನ ಬಿಎಸ್ಎ ಕಂಪನಿಯ ಗುರುತಿದೆ, 315 ಅಂತ ಕೆತ್ತಿದೆ, ಮರದ ಹಿಡಿಯಲ್ಲಿ ಸಣ್ಣ ಸೀಳು. ಮೈಸೂರಿನ ಅಂಗಡಿಯವರೊಬ್ಬರು ನೋಡದೆ ಫೋನಿನಲ್ಲೇ 25 ಸಾವಿರ ಅಂದರು. ಅಮೆರಿಕದ ವೆಬ್‌ಸೈಟಿನಲ್ಲಿ ಇಂಥದ್ದಕ್ಕೆ ಅದರ ಹಲವು ಪಟ್ಟು ಬೆಲೆ ಹಾಕಿದ್ದಾರೆ. ಯಾವುದನ್ನು ನಂಬಲಿ?

ಕಾವೇರಿ_ದಂಡೆ:
ಅಪ್ಪನವರ ವಿಷಯ ಕೇಳಿ ಬೇಜಾರಾಯಿತು. ರೇಟಿನ ಮಾತು ಆಮೇಲೆ. ಮೊದಲು ಆ ರೈಫಲನ್ನು ಮನೆಯಿಂದ ಆಚೆ ಇಡಿ. ಲೈಸೆನ್ಸ್ ಇದ್ದವರು ತೀರಿಕೊಂಡಮೇಲೆ ಅದು ನಿಮ್ಮ ಬೀರುವಿನಲ್ಲಿ ಇರುವುದೇ ತಪ್ಪಾಗುತ್ತದೆ. ಆರ್ಮ್ಸ್ ಆಕ್ಟ್ 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಠಾಣೆಗೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಡೆಪಾಸಿಟ್ ಮಾಡಿ ರಸೀದಿ ತೆಗೆದುಕೊಳ್ಳಿ. ಡೆಪಾಸಿಟ್ ಇಟ್ಟಿರುವ ಕೋವಿಯನ್ನು ವಾರಸುದಾರರು ಲೈಸೆನ್ಸ್ ಇದ್ದವರಿಗೆ ಮಾರಬಹುದು, ಆದರೆ ಗಡುವು ಮೀರಿದರೆ ಸರ್ಕಾರಕ್ಕೆ ಹೋಗುತ್ತದೆ. ಹಾಗಾಗಿ ಸುಮ್ನೆ ಬಿಡಬೇಡಿ, ಮಂಡ್ಯದ ಡಿಸಿ ಆಫೀಸಿಗೂ ಒಂದು ಅರ್ಜಿ ಕೊಟ್ಟುಬಿಡಿ.

ಹಳೆ_ನಳಿಗೆ:
ಮೇಲಿನವರು ಹೇಳಿದ್ದು ಸರಿ. ಡೀಲರ್ ಹತ್ತಿರ ಇಡುವುದೇ ಒಳ್ಳೆಯದು, ಠಾಣೆಯ ಮೂಲೆಯಲ್ಲಿ ಎಣ್ಣೆ ಕಾಣದೆ ತುಕ್ಕು ಹಿಡಿದ ಕೋವಿಗಳನ್ನು ತುಂಬಾ ನೋಡಿದ್ದೀನಿ.

ಅಮೆರಿಕದ ರೇಟನ್ನು ಮರೆತುಬಿಡಿ ಅಣ್ಣ. ಅಲ್ಲಿ ಕೊಳ್ಳುವವರು ಬೇರೆ, ಕಾನೂನು ಬೇರೆ. ನಮ್ಮಲ್ಲಿ ಬೆಲೆ ಕಟ್ಟುವುದು ಲೈಸೆನ್ಸ್ ಮತ್ತು ತೋಟಾ. ಬ್ರಿಟಿಷರ ಕಾಲದಲ್ಲಿ ಪಾಯಿಂಟ್ 303 ಸೈನ್ಯದ ತೋಟಾ ಅಂತ ಜನಸಾಮಾನ್ಯರಿಗೆ ಕೊಡುತ್ತಿರಲಿಲ್ಲ, ಅದಕ್ಕೇ ಬಿಎಸ್ಎಯವರು ಸೈನ್ಯದ 303 ರೈಫಲಿನ ಲೀ ಮಾದರಿಯನ್ನೇ 315 ಬೋರಿನಲ್ಲಿ (ಬೋರ್ ಅಂದರೆ ನಳಿಗೆಯ ಒಳ ಅಳತೆ) ಮಾಡಿ ಇಲ್ಲಿಗೆ ಕಳಿಸಿದರು. ಇವತ್ತಿಗೂ 303 ನಿಷೇಧಿತ ಬೋರ್, ಅಂದರೆ ಸಾಮಾನ್ಯ ಲೈಸೆನ್ಸಿಗೆ ಸಿಗದ ಅಳತೆ. ನಿಮ್ಮದು 315 ಅಂತ ಅಪ್ಪನ ಲೈಸೆನ್ಸ್ ಪುಸ್ತಕದಲ್ಲೂ ಬರೆದಿದೆಯಾ, ನಂಬರ್ ತಾಳೆಯಾಗುತ್ತದಾ ನೋಡಿ, ಅದು ತಾಳೆಯಾಗದಿದ್ದರೆ ಎಷ್ಟೇ ಚೆಂದದ ರೈಫಲ್ ಆದರೂ ಯಾರೂ ಮುಟ್ಟುವುದಿಲ್ಲ.

315ಕ್ಕೆ ನಮ್ಮ ಸರ್ಕಾರಿ ಶಸ್ತ್ರ ಕಾರ್ಖಾನೆ, ಅಂದರೆ ಆರ್ಡ್ನೆನ್ಸ್ ಫ್ಯಾಕ್ಟರಿಯ ತೋಟಾ ಇದೆ. ಇದು ದೊಡ್ಡ ಅನುಕೂಲ. ಇಂಗ್ಲೆಂಡಿನದೇ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ 318 ಬೋರ್ ರೈಫಲ್ ಥರದ್ದು ಹೆಸರಿಗೆ ಎಷ್ಟು ದೊಡ್ಡದಾದರೂ ತೋಟಾ ಸಿಗದೆ ಗೋಡೆಗೆ ನೇತುಹಾಕುವ ವಸ್ತುವಾಗಿದೆ. ವಿದೇಶಿ ಕೋವಿಗಳನ್ನು ಸಾಮಾನ್ಯರು ತರಿಸಿಕೊಳ್ಳುವುದು 1980ರ ದಶಕದಲ್ಲೇ ನಿಂತಿತು, ಹಾಗಾಗಿ ಇಂಗ್ಲೆಂಡಿನ ಹಳೆಯ ಮಾಲಿಗೆ ಇನ್ನೂ ಗಿರಾಕಿ ಇದ್ದಾರೆ, ಕೊಡಗು ಚಿಕ್ಕಮಗಳೂರಿನ ತೋಟದವರು ಕೇಳುತ್ತಾರೆ.

ಇನ್ನು ರೈಫಲ್ ಸ್ಥಿತಿ. ಡೀಲರ್ ಎದುರೇ, ತೋಟಾ ಇಲ್ಲ ಅಂತ ಖಾತ್ರಿ ಮಾಡಿಸಿ ಬೋಲ್ಟ್ (ತೋಟಾವನ್ನು ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಭಾಗ) ತೆಗೆಸಿ, ಹಿಂದಿನಿಂದ ಬೆಳಕಿಗೆ ಹಿಡಿದು ನಳಿಗೆಯೊಳಗೆ ನೋಡಿ. ಸುರುಳಿ ಗೆರೆಗಳ ಅಂಚು ಚೂಪಾಗಿ ಹೊಳೆಯಬೇಕು. ಕಪ್ಪು ಗುಂಡಿಗಳು ಕಂಡರೆ ಅಲ್ಲೇ ಬೆಲೆ ಅರ್ಧ. ಬೋಲ್ಟ್ ಮೇಲಿನ ನಂಬರ್ ಮತ್ತು ಬಾಡಿ ನಂಬರ್ ಒಂದೇ ಇರಬೇಕು, ಮ್ಯಾಗಜಿನ್ ಮೂಲದ್ದೇ ಆಗಿರಬೇಕು, ಬರ್ಮಿಂಗ್‌ಹ್ಯಾಂ ಪ್ರೂಫ್ ಗುರುತು (ನಳಿಗೆ ಪರೀಕ್ಷಿಸಿ ಒತ್ತಿದ ಮುದ್ರೆ) ಉಜ್ಜಿ ಹೋಗಿರಬಾರದು. ಸೀಳು ಎಲ್ಲಿದೆ ಹೇಳಿ. ಕೈ ಹಿಡಿಯುವ ಸಪೂರ ಜಾಗದಲ್ಲಿದ್ದರೆ ಗುಂಡು ಹಾರಿಸಿದಾಗಿನ ಒದೆತಕ್ಕೆ ಮುರಿಯುತ್ತದೆ, ತುದಿಯಲ್ಲಿದ್ದರೆ ಅಂಥ ಚಿಂತೆ ಇಲ್ಲ. ದಯವಿಟ್ಟು ಪಾಲಿಶ್, ವಾರ್ನಿಶ್ ಮಾಡಿಸಬೇಡಿ! ಹೊಸದಾಗಿ ಕಪ್ಪು ಬಣ್ಣ ಏರಿಸಿದ ಹಳೆ ರೈಫಲ್ ನೋಡಿದರೆ ತಿಳಿದವರು ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಅಂದುಕೊಳ್ಳುತ್ತಾರೆ.

ನೋಡದೆ ಹೇಳಿದ 25 ಸಾವಿರ ಬೆಲೆಯೇ ಅಲ್ಲ. ಆರ್ಡ್ನೆನ್ಸ್ ಫ್ಯಾಕ್ಟರಿಯ ಹೊಸ 315ಕ್ಕೆ ಈಗ ಎಷ್ಟಿದೆ ಕೇಳಿಕೊಳ್ಳಿ. ನಳಿಗೆ ಚೆನ್ನಾಗಿದ್ದರೆ ಅದರ ಹತ್ತಿರದಿಂದ ಮಾತು ಶುರು ಮಾಡಿ, ಎರಡು ಮೂರು ಡೀಲರಿಗೆ ತೋರಿಸಿ.

ಮಳವಳ್ಳಿ_ರೈತ:
ತುಂಬಾ ಥ್ಯಾಂಕ್ಸ್ ಸರ್. ಸೀಳು ತುದಿಯಲ್ಲೇ ಇದೆ. ನಾಳೆಯೇ ಡೆಪಾಸಿಟ್ ಮಾಡ್ತೀನಿ. ಮದ್ದೂರಿನ ನಮ್ಮ ಸೋದರಮಾವ ತಮಗೇ ಕೊಡು ಅಂತಿದ್ದಾರೆ, ಅವರ ಹತ್ತಿರ ಆಗಲೇ ಎರಡು ಕೋವಿ ಇವೆ. ಕೊಡಬಹುದಾ?

ಕಾವೇರಿ_ದಂಡೆ:
ಆಗಲ್ಲ. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ, ಮೊದಲು ಮೂರಿತ್ತು. ಮಾವ ಒಂದನ್ನು ಮಾರಿ, ಲೈಸೆನ್ಸಿನಲ್ಲಿ ಈ ರೈಫಲಿಗೆ ಅನುಮತಿ ಹಾಕಿಸಿಕೊಂಡರೆ ಆಗುತ್ತದೆ. ಸಂಬಂಧಿಕರು ಅಂತ ಬಾಯಿಮಾತಿನಲ್ಲಿ ಕೈ ಬದಲಾಯಿಸಬೇಡಿ, ಮಾರುವ ಮುಂಚೆ ಬರೆದು ತಿಳಿಸಿ 45 ದಿನ ಕಾಯುವ ನಿಯಮ ಕಾಯ್ದೆಯಲ್ಲೇ ಇದೆ. ಅದು ನಿಮ್ಮ ಡೆಪಾಸಿಟ್ ಮಾಲಿಗೆ ಹೇಗೆ ಅನ್ವಯ ಅಂತ ಡಿಸಿ ಆಫೀಸಿನ ಆರ್ಮ್ಸ್ ವಿಭಾಗದಲ್ಲಿ ಕೇಳಿ, ಅರ್ಜಿ ಕೊಟ್ಟ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.